ಕುಪ್ಪನ ಮೀನು ಪೆಟ್ಟಿಗೆಯ ಹಿಂದೆ

ನನಗೆ ಹೊಟ್ಟೆಕಿಚ್ಚು ಎಂದು ಊರಲ್ಲಿ ಮಾತಾಡಿಕೊಂಡರಂತೆ. ಸುಳ್ಳೇನಲ್ಲ. ಆದರೆ ಜನ ಅಂದುಕೊಂಡ ಹಾಗೆ ಅದು ಆ ಹುಡುಗಿಯ ಮೆಡಲ್ಲಿನ ಮೇಲೆ ಅಲ್ಲ, ಹೊನ್ನಾವರ ಬಸ್ ಸ್ಟ್ಯಾಂಡಿನ ಎದುರು ನನ್ನ ಫ್ಲೆಕ್ಸ್ ಇಳಿಸಿ ಅವಳದ್ದನ್ನು ಏರಿಸಿದ್ದಕ್ಕೂ ಅಲ್ಲ. (ಫ್ಲೆಕ್ಸಿನ ಮೇಲೆ ಸ್ವಲ್ಪ ಇತ್ತು. ಇಲ್ಲ ಎಂದರೆ ನನ್ನ ಹೆಂಡತಿಯೇ ನಗುತ್ತಾಳೆ.) ನನ್ನ ಹೊಟ್ಟೆ ಉರಿದದ್ದು ಒಂದು ಮೀನು ಪೆಟ್ಟಿಗೆಯ ಹಿಂದಿನ ಜಾಗಕ್ಕೆ. ಕಾಸರಕೋಡಿನ ಕುಪ್ಪನ ಮೋಟಾರ್ ಬೈಕಿನ ಹಿಂದೆ, ಐಸು ಕರಗಿ ನೀರು ತೊಟ್ಟಿಕ್ಕುವ ಆ ನೀಲಿ ಪೆಟ್ಟಿಗೆಯಿಂದ ಎರಡು ಮೊಳ ದೂರದ ಜಾಗಕ್ಕೆ.

ನಾನು ಕರ್ಕಿಯ ದಿನಕರ. ಎರಡು ವರ್ಷದ ಹಿಂದೆ ರೋಡ್ ಸೈಕ್ಲಿಂಗಿನಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದೆ. ಈಗ ವಯಸ್ಸು ಮೂವತ್ತೆರಡು. ಕ್ರೀಡಾ ಕೋಟಾದಲ್ಲಿ ಒಂದು ಇಲಾಖೆಯ ತಂಡದಲ್ಲಿದ್ದೇನೆ. ಕೆಲಸ ಎಂದರೆ ಸೈಕಲ್ ತುಳಿಯುವುದು, ಬೇರೇನೂ ಇಲ್ಲ. ಈ ವರ್ಷ ಅದೊಂದು ಕೆಲಸವನ್ನೂ ಸರಿಯಾಗಿ ಮಾಡಲಿಲ್ಲ. ಫೆಬ್ರವರಿಯಲ್ಲಿ ಸೋತಾಗ ಜ್ವರ ಎಂದೆ. ಏಪ್ರಿಲ್‌ನಲ್ಲಿ ಚಕ್ರ ಸರಿಯಿರಲಿಲ್ಲ ಎಂದೆ. ನ್ಯಾಷನಲ್ಸ್‌ನಲ್ಲಿ ಮೂವತ್ತೇಳನೆಯವನಾಗಿ ಬರುವ ಹೊತ್ತಿಗೆ ನೆಪಗಳೂ ಮುಗಿದಿದ್ದವು, ಅಲ್ಲಿ ಪದಕ ಕೊಟ್ಟು ಶಾಮಿಯಾನದ ಕುರ್ಚಿಗಳನ್ನು ಮಡಿಸುತ್ತಿದ್ದರು. ಗೆದ್ದವನು ನಮ್ಮದೇ ತಂಡದ ಸಂತೋಷ, ಇಪ್ಪತ್ತೊಂದು ವರ್ಷದವನು. ತೊಂಬತ್ತು ಕಿಲೋಮೀಟರ್ ನನ್ನ ಹಿಂದಿನ ಚಕ್ರಕ್ಕೆ ಅಂಟಿಕೊಂಡು, ನಾನು ಸೀಳಿದ ಗಾಳಿಯಲ್ಲಿ ಆರಾಮಾಗಿ ಬಂದು, ಇನ್ನೂ ಮೂವತ್ತು ಕಿಲೋಮೀಟರ್ ಇರುವಾಗ ನನ್ನ ಕಾಲು ಸೋತದ್ದೇ ನನ್ನನ್ನು ದಾಟಿ ಹೋದ. ಸಂಜೆ ಬಂದು "ಅಣ್ಣಾ, ಥ್ಯಾಂಕ್ಸ್" ಎಂದ. ಆ ಥ್ಯಾಂಕ್ಸ್ ಇವತ್ತಿಗೂ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿದೆ.

ಸೀಸನ್ ಮುಗಿದ ಮೇಲೆ ಕೋಚ್ ಕರೆದು ಕೂರಿಸಿಕೊಂಡರು. ಅವರು ವಿಜಯಪುರದ ಕಡೆಯವರು, ಸುತ್ತಿ ಬಳಸಿ ಮಾತಾಡುವವರಲ್ಲ.

"ನವೆಂಬರ್ ಕೊನೀ ಭಾನುವಾರ ಟ್ರಯಲ್ ಅದ. ನಲವತ್ತು ಕಿಲೋಮೀಟರ್, ಒಬ್ಬನ, ಐವತ್ತೆರಡು ನಿಮಿಷದಾಗ ಮುಗಿಸು. ಮುಗಿಸಿದ್ರ ಮುಂದಿನ ವರ್ಷಾನೂ ನೀನ ತಂಡದ ನಾಯಕ. ಇಲ್ಲಂದ್ರ ಹುಬ್ಬಳ್ಳಿ ಆಫೀಸಿನಾಗ ನಿನಗೊಂದು ಕುರ್ಚಿ ಅದ, ಹೋಗಿ ಕುಂಡ್ರು."

"ಬೇರೆ ದಾರಿ ಇಲ್ವಾ ಸಾರ್?"

"ಇನ್ನೊಂದು ಅದ. ಸಂತೋಷನ ಮುಂದ ತುಳಿ. ಅವಗ ಗಾಳಿ ಬಡೀಲಾರದಂಗ ನೋಡ್ಕೋ. ಅವ ಗೆಲ್ತಾನ, ನೀನು ತಂಡದಾಗ ಉಳೀತಿ."

ನನಗೆ ಮೈಯೆಲ್ಲ ಉರಿದುಹೋಯಿತು. "ನಾನೆಂತ ಮೀನು ಪೆಟ್ಟಿಗೆಯಾ ಸಾರ್?" ಎಂದುಬಿಟ್ಟೆ. ಕೋಚ್ ಕಣ್ಣು ಬಿಟ್ಟುಕೊಂಡು ನೋಡಿದರು. ಅವರಿಗೆ ಅರ್ಥವಾಗುವ ಮಾತಲ್ಲ ಅದು.

ಅರ್ಥವಾಗಬೇಕಾದರೆ ಕುಪ್ಪನನ್ನು ನೋಡಿರಬೇಕು. ಕುಪ್ಪ ಬೆಳಿಗ್ಗೆ ಕಾಸರಕೋಡಿನ ಬಂದರಿನಲ್ಲಿ ಹರಾಜು ಹಿಡಿದು, ಬಂಗಡೆಯೋ ತಾರ್ಲೆಯೋ ಪೆಟ್ಟಿಗೆಗೆ ತುಂಬಿ, ಶರಾವತಿ ಸೇತುವೆ ದಾಟಿ, ಹೊನ್ನಾವರ, ಕರ್ಕಿ, ಹಳದೀಪುರ, ಕುಮಟಾ ಎಲ್ಲೂ ನಿಲ್ಲದೆ ಸೀದಾ ಮಿರ್ಜಾನಕ್ಕೆ ಹೋಗುತ್ತಾನೆ. ಮೂವತ್ತೆರಡು ಕಿಲೋಮೀಟರ್. ನಿಲ್ಲದೆ ಹೋಗುವುದಕ್ಕೆ ಕಾರಣವಿದೆ. ಆಚೆಯಿಂದ ತದಡಿ ಬಂದರಿನ ಮೀನು ಬರುತ್ತದೆ, ಅದು ಮೊದಲು ಬಂದರೆ ಮಿರ್ಜಾನದ ಹೆಂಗಸರ ಪಾತ್ರೆಗಳು ತುಂಬಿರುತ್ತವೆ, ಕುಪ್ಪನ ಪೆಟ್ಟಿಗೆ ತುಂಬಿದ್ದು ತುಂಬಿದ ಹಾಗೇ ವಾಪಸು ಬರುತ್ತದೆ. ಹಾಗಾಗಿ ಏರು, ಪೇಟೆ ಬಿಟ್ಟರೆ ಅವನ ಬೈಕು ಗಂಟೆಗೆ ಐವತ್ತರ ಕೆಳಗೆ ಇಳಿಯುತ್ತಿರಲಿಲ್ಲ.

ನಾನು ಹದಿನೇಳು ವರ್ಷದವನಿದ್ದಾಗ ಕರ್ಕಿಯಿಂದ ಕುಮಟಾ ಕಾಲೇಜಿಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದೆ. ಒಂದು ಬೆಳಿಗ್ಗೆ ಕುಪ್ಪ ಹಾರ್ನ್ ಬಾರಿಸುತ್ತ ನನ್ನನ್ನು ದಾಟಿದ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುವುದು, ಬೆನ್ನಟ್ಟಿದೆ. ಪೆಟ್ಟಿಗೆಯ ಹತ್ತಿರ ಹೋದದ್ದೇ ಗಾಳಿ ನಿಂತುಹೋಯಿತು. ಬಾಗಿಲು ಹಾಕಿದ ಕೋಣೆಯೊಳಗೆ ಹೋದ ಹಾಗೆ. ಅಲ್ಲಿ ಕಾಲು ತಾನಾಗಿ ತಿರುಗುತ್ತಿತ್ತು. ಕುಮಟಾದಲ್ಲಿ ಕುಪ್ಪ ತಿರುಗಿ ನೋಡಿ, "ಹೋಯ್ ತಮ್ಮಾ, ನೀನು ಇನ್ನೂ ಇದ್ಯಾ!" ಎಂದು ನಕ್ಕ. ಮರುದಿನದಿಂದ ಅದೇ ನನ್ನ ಶಾಲೆಯಾಯಿತು. ಬಟ್ಟೆಗೆಲ್ಲ ಬಂಗಡೆಯ ವಾಸನೆ. ಕಾಲೇಜಿನಲ್ಲಿ ನನ್ನ ಪಕ್ಕ ಯಾರೂ ಕೂರುತ್ತಿರಲಿಲ್ಲ, ಮನೆಗೆ ಬಂದರೆ ಕೇರಿಯ ಬೆಕ್ಕುಗಳೆಲ್ಲ ಹಿಂದೆ.

ಆಗ ನನ್ನ ಹತ್ತಿರ ವೇಗ ತೋರಿಸುವ ಯಂತ್ರ ಇರಲಿಲ್ಲ. ಕುಪ್ಪ ಎಡಗೈಯನ್ನು ಹಿಂದಕ್ಕೆ ಚಾಚಿ ಬೆರಳು ತೋರಿಸುತ್ತಿದ್ದ. ನಾಲ್ಕು ಬೆರಳು ಎಂದರೆ ನಲವತ್ತು. ಇಡೀ ಕೈ ಎಂದರೆ ಐವತ್ತು. ಬಂದರಿನ ಹರಾಜಿನಲ್ಲಿ ಅವನು ಕೂಗುವುದು ಅದೇ ಬೆರಳಿನಲ್ಲಿ. ಅಲ್ಲಿ ಒಮ್ಮೆ ಎತ್ತಿದ ಬೆರಳನ್ನು ಯಾರೂ ಇಳಿಸುವುದಿಲ್ಲ, ಇಳಿಸಿದವನಿಗೆ ಮರುದಿನ ಯಾವ ಬೋಟಿನವರೂ ಮೀನು ಕೊಡುವುದಿಲ್ಲ. ಹಾಗಾಗಿ ಕುಪ್ಪನ ಬಾಯಿಯ ಮಾತನ್ನು ನಾನು ಅನುಮಾನಿಸಿದ್ದುಂಟು, ಅವನು ಸಮಾ ಪಟ್ಟಾಂಗ ಬಿಡುತ್ತಾನೆ. ಬೆರಳನ್ನು ಎಂದೂ ಅನುಮಾನಿಸಲಿಲ್ಲ.

ಇದೆಲ್ಲ ಮನಸ್ಸಿನಲ್ಲಿಟ್ಟುಕೊಂಡೇ ಅಕ್ಟೋಬರಿನಲ್ಲಿ ಊರಿಗೆ ಬಂದೆ. ಕುಪ್ಪನ ಹಿಂದೆ ಐದು ವಾರ ತುಳಿದರೆ ಹಳೆಯ ದಿನಕರ ವಾಪಸು ಬರುತ್ತಾನೆ, ಟ್ರಯಲ್ ಗೆಲ್ಲುತ್ತಾನೆ ಎಂದು ನನ್ನ ಲೆಕ್ಕ. ಸೈಕಲ್ಲಿನ ವೇಗ ತೋರಿಸುವ ಪುಟ್ಟ ಕಂಪ್ಯೂಟರ್ ಕಿತ್ತು ಕಪಾಟಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ವರ್ಷವಿಡೀ ಅದರ ಅಂಕಿ ನೋಡಿ ನೋಡಿ ಕಾಲು ಸೋತಿದ್ದವು.

ಮೊದಲ ದಿನ ಬೆಳಿಗ್ಗೆ ಜಗಲಿಯಲ್ಲಿ ಚಾ ಕುಡಿಯುತ್ತಿದ್ದೆ. ನಮ್ಮ ಮನೆ ಹೆದ್ದಾರಿಗೆ ಅಂಟಿಕೊಂಡೇ ಇದೆ. ದೂರದಿಂದ ಕುಪ್ಪನ ಹಾರ್ನ್ ಕೇಳಿಸಿತು. ಲೋಟ ಹಿಡಿದೇ ಗೇಟಿಗೆ ಓಡಿದೆ. ಬೈಕು ಬಂತು, ಪೆಟ್ಟಿಗೆ ಬಂತು, ಪೆಟ್ಟಿಗೆಯ ಹಿಂದೆ, ಎರಡೇ ಮೊಳ ಹಿಂದೆ, ತಲೆ ಬಗ್ಗಿಸಿದ ಒಂದು ಹುಡುಗಿ ಬಂದಳು. ಕಣ್ಣು ಮಿಟುಕಿಸುವುದರೊಳಗೆ ಮೂರೂ ಹೋಗಿ ಆಗಿತ್ತು.

ಅವಳ ಮುಖ ನೋಡಲಿಲ್ಲ ನಾನು. ನೋಡಿದ್ದು ಸೈಕಲ್ಲನ್ನು. ಅದು ನನ್ನದು. ಭಟ್ಕಳದ ಸೈಕಲ್ ಅಂಗಡಿಯ ಸಾಹೇಬರು ತಮ್ಮ ಭಾವನ ಕೈಲಿ ದುಬೈಯಿಂದ ಬಿಚ್ಚಿ ರಟ್ಟಿನ ಪೆಟ್ಟಿಗೆಯಲ್ಲಿ ತರಿಸಿಕೊಟ್ಟ ನೀಲಿ ಸೈಕಲ್ಲು. ಇಲಾಖೆಯವರು ಹೊಸದು ಕೊಟ್ಟ ಮೇಲೆ ನಾನೇ ಅದನ್ನು ಅದೇ ಅಂಗಡಿಗೆ ಮಾರಿದ್ದೆ. ಮಾರಿದ ಮೇಲೆ ಅದು ಯಾರದ್ದಾದರೇನು ಎಂದು ನೀವು ಕೇಳಬಹುದು. ನನ್ನ ಹೆಂಡತಿ ಸುಪ್ರಿಯಾ ಕೂಡ ಹಾಗೇ ಕೇಳಿದಳು. ಅದಕ್ಕೂ ಮೊದಲು ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿ ಹೀಗೆಂದಳು:

"ಎಂತ ಅದು? ಹೆಂಡ್ತಿ ಬೇರೆಯವನ ಸಂಗ್ತಿಗೆ ಓಡಿಹೋದ ಹಾಗೆ ನಿಂತ್ರಲ್ಲ!"

ಲೋಟದ ಚಾ ಅಂಗಳಕ್ಕೆ ಚೆಲ್ಲಿದೆ. ಅವಳು ಪಾಠ ಮಾಡಲು ಶಾಲೆಗೆ ಹೊರಟಿದ್ದಳು, ನಗುತ್ತಲೇ ಹೋದಳು.

ಮರುದಿನ ಬಂದರಿಗೇ ಹೋದೆ. ಬೋಟುಗಳು ಬಂದು ನಿಂತಿದ್ದವು, ಹರಾಜು ನಡೆದಿತ್ತು. ಕುಪ್ಪ ಗುಂಪಿನ ನಡುವೆ ಮೂರು ಬೆರಳು ಎತ್ತಿ ನಿಂತವನು ನನ್ನನ್ನು ಕಂಡು ಎರಡು ಬುಟ್ಟಿ ಬಂಗಡೆ ಗೆದ್ದುಕೊಂಡೇ ಓಡಿಬಂದ. ಅಪ್ಪಿಕೊಂಡ. ಐವತ್ತೈದು ದಾಟಿದ್ದಾನೆ, ಹೊಟ್ಟೆ ಸ್ವಲ್ಪ ಬಂದಿದೆ.

"ಎಂದು ಬಂದ್ಯೋ ತಮ್ಮಾ? ಪೇಪರಲ್ಲಿ ನಿನ್ನ ಹೆಸ್ರು ಹುಡ್ಕಿದೆ, ಕಾಣ್ಲೇ ಇಲ್ಲ."

ಮೂವತ್ತೇಳನೆಯವನ ಹೆಸರು ಯಾವ ಪೇಪರಿನಲ್ಲಿ ಬರುತ್ತದೆ? ಆ ಮಾತು ಬಿಟ್ಟು, "ನಿನ್ನ ಹಿಂದೆ ಬರೂದು ಯಾರು?" ಎಂದು ಕೇಳಿದೆ.

"ಅದಾ? ಸ್ಮೃತಿ. ಬೋಟಿನ ವಿಶ್ವನಾಥನ ಮಗ್ಳು, ಹೊನ್ನಾವರದಲ್ಲಿ ಬಿ.ಕಾಂ. ಮಾಡ್ತದೆ. ಸ್ಟೇಟ್ ಮೆಡಲ್ ತಕಂಡ್ ಬಂತು ಮಾರಾಯ! ನನ್ನ ಹಿಂದೆ ಬರೂಕೆ ಹಿಡ್ದು ಎರಡು ವರ್ಷ ಆತು."

ಎರಡು ವರ್ಷ. ಎಂದರೆ ನಾನು ಚಾಂಪಿಯನ್ ಆಗಿ ಹಾರ ಹಾಕಿಸಿಕೊಳ್ಳುತ್ತಿದ್ದಾಗಲೇ ಇಲ್ಲಿ ನನ್ನ ಜಾಗ ಹೋಗಿತ್ತು.

"ನಂಗೆ ಯಾಕೆ ಹೇಳ್ಲಿಲ್ಲ?"

"ನೀನು ಊರಲ್ಲಿ ಎಲ್ಲಿರ್ತೆ? ಫೋನ್ ಮಾಡಿ ಹೇಳೂ ಅಂತ ಸುದ್ದಿಯಾ ಇದು?"

ಅಷ್ಟರಲ್ಲಿ ಅವಳೇ ಬಂದಳು. ಕಡ್ಡಿಯ ಹಾಗಿದ್ದಾಳೆ, ಕಾಲು ಮಾತ್ರ ಕಬ್ಬಿಣ. ಒಂದು ಕೈಯಲ್ಲಿ ಅರ್ಧ ತಿಂದ ಬನ್ನು, ಇನ್ನೊಂದರಲ್ಲಿ ನನ್ನ ನೀಲಿ ಸೈಕಲ್ಲು. ಹಿಂದೆ ಕೈವಾರದ ಮೊನೆಯಿಂದ ಅದರ ಮೇಲೆ ನಾನು 'ದಿ' ಎಂದು ಕೆತ್ತಿದ್ದೆ. ಅವಳು ಅದನ್ನು ತೋರಿಸಿ, "ದಾದಾ, ಇದನ್ನ ಅಳಿಸ್ಲಿಲ್ಲ ನಾನು. ಎಲ್ಲರಿಗೂ ಹೇಳ್ತೆ, ಇದು ಚಾಂಪಿಯನ್ ಸೈಕಲ್ಲು ಅಂತ" ಎಂದಳು.

ಅವಳು ಸೊಕ್ಕಿನವಳಾಗಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು! ಸೊಕ್ಕು ಇರಲಿಲ್ಲ. ಅದಕ್ಕೂ ಸಿಟ್ಟು ಬಂತು.

ಟ್ರಯಲ್ ಇರುವುದನ್ನು ಹೇಳಿದೆ, ಇನ್ನು ಐದು ವಾರ ಪೆಟ್ಟಿಗೆಯ ಹಿಂದೆ ನಾನೊಬ್ಬನೇ ಬರುತ್ತೇನೆ ಎಂದೆ. ಕುಪ್ಪ ತಲೆ ಕೆರೆದುಕೊಂಡ. ಸ್ಮೃತಿ ತಕ್ಷಣ, "ಆತು ದಾದಾ, ನೀವು ಪೆಟ್ಟಿಗೆ ಹಿಂದೆ ಬನ್ನಿ, ನಾನು ನಿಮ್ಮ ಹಿಂದೆ ಬರ್ತೆ" ಎಂದಳು.

"ನನ್ನ ಹಿಂದೆ ಯಾರೂ ಬರೂದು ಬೇಡ!" ಎಂದು ಕಿರುಚಿದೆ. ಹರಾಜಿನ ಜನ ತಿರುಗಿ ನೋಡಿದರು. ಸಂತೋಷನ ನೆನಪು ಅದು, ಪಾಪ ಆ ಹುಡುಗಿಗೆ ಏನು ಗೊತ್ತು? ಅವಳ ಬನ್ನು ಬಾಯಿಯ ಹತ್ತಿರವೇ ನಿಂತಿತು.

ಕೊನೆಗೆ ಕುಪ್ಪನೇ ಪಾಲು ಮಾಡಿದ. ಸೋಮ, ಬುಧ, ಶುಕ್ರ ಅವಳಿಗೆ. ಮಂಗಳ, ಗುರು, ಶನಿ ನನಗೆ. ಭಾನುವಾರ ಗಿರಾಕಿ ಜಾಸ್ತಿ, ಅವತ್ತು ಯಾರೂ ಬೇಡ. ನನ್ನ ದಿನಗಳಲ್ಲಿ ಸ್ಮೃತಿ ಹತ್ತು ನಿಮಿಷ ಮೊದಲೇ ಒಬ್ಬಳೇ ಹೊರಟುಬಿಡುವುದು, ನನ್ನ ಕಣ್ಣಿಗೆ ಬೀಳದ ಹಾಗೆ. ಅದನ್ನು ಹೇಳಿದ್ದು ಕುಪ್ಪನಲ್ಲ, ನಾನು. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆಗ ಆಗಲಿಲ್ಲ.

ಮೊದಲ ಮಂಗಳವಾರ ಪೆಟ್ಟಿಗೆಯ ಹಿಂದೆ ಕೂತಾಗ ತವರಿಗೆ ಬಂದ ಹಾಗಾಯಿತು. ಅದೇ ವಾಸನೆ, ಮೊಣಕಾಲಿಗೆ ಸಿಡಿಯುವ ಅದೇ ಉಪ್ಪು ನೀರು. ಸೇತುವೆ ದಾಟುವಾಗ ಕುಪ್ಪನ ಎಡಗೈ ಹಿಂದೆ ಬಂತು, ನಾಲ್ಕು ಬೆರಳು. ಹಳದೀಪುರದಲ್ಲಿ ನಾಲ್ಕು, ಜತೆಗೆ ಅರ್ಧ ಮಡಚಿದ ಹೆಬ್ಬೆರಳು, ನಲವತ್ತೈದು. ಎರಡನೆಯ ವಾರದ ಗುರುವಾರ ಧಾರೇಶ್ವರದ ಹತ್ತಿರ ಇಡೀ ಕೈ ಬಿಚ್ಚಿಕೊಂಡಿತು. ಐವತ್ತು! ನನಗೆ ಅಳು ಬಂದುಬಿಟ್ಟಿತು. ಗೇರು ಹಗುರವಾಗಿ ತಿರುಗುತ್ತಿತ್ತು. ಕಾಲಿಗೆ ಬಲ ಬಂದಿದೆ, ಅದಕ್ಕೇ ಹಗುರ ಎಂದುಕೊಂಡೆ. ಹಗುರವಾಗಲು ಬೇರೆ ಕಾರಣವೂ ಇರಬಹುದು ಎಂದು ಹದಿನೈದು ವರ್ಷ ಸೈಕಲ್ ತುಳಿದವನಿಗೆ ಹೊಳೆಯಲಿಲ್ಲ. ಹೊಳೆಯುವುದು ಬೇಕೂ ಆಗಿರಲಿಲ್ಲ.

ಅವಳ ದಿನಗಳಲ್ಲಿ ಹಾರ್ನ್ ಕೇಳಿಸಬಾರದೆಂದು ಕಿವಿಗೆ ದಿಂಬು ಒತ್ತಿಕೊಂಡು ಮಲಗುತ್ತಿದ್ದೆ. ಆದರೂ ಕೇಳಿಸುತ್ತಿತ್ತು. ಈಗ ಕರ್ಕಿ ದಾಟಿದರು, ಈಗ ಹಳದೀಪುರ, ಈಗ ಅವನು ಅವಳಿಗೆ ಎಷ್ಟು ಬೆರಳು ತೋರಿಸುತ್ತಿರಬಹುದು? ನನಗಿಂತ ಒಂದು ಕಮ್ಮಿಯೇ ಇರಲಿ ದೇವರೇ ಎಂದು ಹಲ್ಲು ಕಚ್ಚುತ್ತಿದ್ದೆ. ಒಂದು ಶುಕ್ರವಾರ ಸುಪ್ರಿಯಾ ದಿಂಬು ಎತ್ತಿ ನೋಡಿ, "ನಿಮ್ಗೆ ಟ್ರಯಲ್ ಗೆಲ್ಲೂದು ಬೇಕಾ, ಆ ಹುಡುಗಿ ಸೋಲೂದು ಬೇಕಾ? ಒಂದು ಹೇಳಿ" ಎಂದಳು. ನಾನು ಗೋಡೆಯ ಕಡೆ ತಿರುಗಿಕೊಂಡೆ.

ನಾಲ್ಕನೆಯ ವಾರ ಕೋಚ್‌ಗೆ ಫೋನು ಮಾಡಿ, "ಸಾರ್, ಬೈಕಿನ ಹಿಂದೆ ಐವತ್ತು ಆರಾಮಾಗಿ ಬರ್ತಿದೆ. ಟ್ರಯಲ್‌ಗೆ ಸಂತೋಷನಿಗೂ ಬರಲು ಹೇಳಿ, ನೋಡಲಿ" ಎಂದೆ. ಅವರಿಗೂ ಖುಷಿಯಾಯಿತು. ಹೆಸರು ಬರೆದುಕೊಂಡರು.

ಟ್ರಯಲ್‌ಗೆ ಎಂಟು ದಿನ ಉಳಿದಿದ್ದ ಶನಿವಾರ ನಡೆದದ್ದು ಇದು. ಸಾಮಾನ್ಯವಾಗಿ ನಾನು ಮಿರ್ಜಾನದವರೆಗೆ ಹೋಗುತ್ತಿರಲಿಲ್ಲ. ಅಘನಾಶಿನಿಯ ದೀವಗಿ ಸೇತುವೆಯ ಈಚೆಯೇ ತಿರುಗಿ ಮನೆಗೆ ಬರುತ್ತಿದ್ದೆ. ಅವತ್ತು ಕುಪ್ಪ ಕುಮಟಾದಿಂದಲೂ ಇಡೀ ಕೈ ತೋರಿಸುತ್ತಲೇ ಇದ್ದ, ನನಗೆ ಹಮ್ಮು ಏರಿತ್ತು. ಸೇತುವೆ ದಾಟಿ ಅವನ ಹಿಂದೆಯೇ ಮಿರ್ಜಾನಕ್ಕೆ ಹೋದೆ. ಗಿರಾಕಿಗಳೂ ಚಾಂಪಿಯನ್ನನ್ನು ಸ್ವಲ್ಪ ನೋಡಲಿ ಎಂದು.

ರಸ್ತೆ ಬದಿಯ ಗೂಡಂಗಡಿಯ ಎದುರು ಆರೇಳು ಹೆಂಗಸರು ಪಾತ್ರೆ ಹಿಡಿದು ನಿಂತಿರುತ್ತಾರೆ ಎಂದು ಕುಪ್ಪ ಹೇಳುತ್ತಿದ್ದ. ಅವತ್ತು ಇದ್ದದ್ದು ಒಬ್ಬಳೇ ಮುದುಕಿ. ಚೌಡಮ್ಮ ಎಂದು ಹೆಸರು. ಅವಳ ಪಕ್ಕದ ಬೆಂಚಿನಲ್ಲಿ ಸ್ಮೃತಿ ಕೂತು, ಖಾಲಿ ಚಾ ಲೋಟ ಕೆಳಗಿಟ್ಟುಕೊಂಡು ಹರಟುತ್ತಿದ್ದಳು. ನನ್ನನ್ನು ಕಂಡದ್ದೇ ಎದ್ದು ಸೈಕಲ್ ಹಿಡಿದುಕೊಂಡಳು.

ಚೌಡಮ್ಮ ಕುಪ್ಪನ ಮೇಲೆ ಹರಿಹಾಯ್ದಳು. "ಈಗ ಬರೂದೇನಾ ನೀನು? ತದಡಿಯವ ಬಂದು ಕೊಟ್ಟು ಹೋಗಿ ಆತು. ಎಲ್ಲರೂ ತಕಂಡ್ ಹೋದ್ರು. ನಿನ್ನ ಮುಖ ನೋಡಿ ನಾನೊಬ್ಳು ನಿಂತದ್ದು!"

"ಆತು ಅಬ್ಬೇ, ನಾಳೆ ಲಗೂ ಬರ್ತೆ" ಎಂದ ಕುಪ್ಪ. ಅವನು ನನ್ನ ಕಡೆ ನೋಡಲಿಲ್ಲ.

"ಎಂತ ನಾಳೆ? ನೀನು ಒಂದು ದಿನ ಲಗೂ ಬರ್ತೆ, ಒಂದು ದಿನ ಹೊತ್ತು ಮಾಡ್ತೆ. ಈ ಹುಡ್ಗಿ ನಿನ್ನ ಹಿಂದೆ ಬಂದ ದಿನ ತದಡಿಯವ ಹುಟ್ಟಿರೂದಿಲ್ಲ, ನೀನು ಬಂದಿರ್ತೆ. ಹುಡ್ಗಿ ಒಂದೇ ಬಂದ ದಿನ ಅದು ಬಂದು ಚಾ ಕುಡ್ದು ನನ್ನ ಮೊಮ್ಮಕ್ಳ ಸುದ್ದಿ ಎಲ್ಲಾ ಕೇಳಿ ಮುಗ್ಸಿದ್ರೂ ನೀನು ಇಲ್ಲ. ಬೈಕು ಹಾಳಾಗದ್ಯಾ?"

ನಾನು ಬೈಕು ನೋಡಿದೆ. ಅದಕ್ಕೆ ಏನೂ ಆಗಿರಲಿಲ್ಲ. ಕುಪ್ಪನ ಎಡಗೈ ನೋಡಿದೆ. ಅದು ಪೆಟ್ಟಿಗೆಯ ಮುಚ್ಚಳದ ಮೇಲಿತ್ತು, ಐದೂ ಬೆರಳು ಬಿಚ್ಚಿಕೊಂಡು.

"ಕುಪ್ಪಾ, ನಿಜವಾಗ್ಲೂ ಎಷ್ಟು?" ಎಂದು ಕೇಳಿದೆ.

ಅವನು ಪೆಟ್ಟಿಗೆಯ ಮುಚ್ಚಳ ತೆಗೆದ. ಆಮೇಲೆ ಮೀನು ತೆಗೆಯುತ್ತ, ತಲೆ ಎತ್ತದೆ, "ನಲವತ್ತೆರಡು" ಎಂದ. "ಮೊದ್ಲ ದಿನ ಕನ್ನಡೀಲಿ ಕಂಡೆ, ನೀನು ಹಿಂದೆ ಬೀಳ್ತಾ ಇದ್ದೆ. ನಾನು ನಿಧಾನ ಮಾಡ್ದೆ. ನೀನು ಇನ್ನೂ ಬಿದ್ದೆ, ಇನ್ನೂ ನಿಧಾನ ಮಾಡ್ದೆ. ನಾಲ್ಕು ತೋರ್ಸ್ದಾಗ ನಿನ್ನ ಮುಖ ಸತ್ತ ಹಾಗಾತು. ಐದು ತೋರ್ಸ್ದೆ. ಎಂತ ಮಾಡೂದು ತಮ್ಮಾ, ಹೇಳೂಕೆ ಮನಸ್ಸು ಬರ್ಲಿಲ್ಲ."

ಎತ್ತಿದ ಬೆರಳನ್ನು ಎಂದೂ ಇಳಿಸದವನು ನನಗೋಸ್ಕರ ಸುಳ್ಳು ಬೆರಳು ಎತ್ತಿದ್ದ. ವಾರಕ್ಕೆ ಮೂರು ದಿನ ತನ್ನ ಗಿರಾಕಿಗಳನ್ನು ತದಡಿಯವನಿಗೆ ಬಿಟ್ಟುಕೊಟ್ಟಿದ್ದ. ನನಗೆ ಅವನ ಕಾಲು ಹಿಡಿಯಬೇಕೆನಿಸಲಿಲ್ಲ, ಪೆಟ್ಟಿಗೆಗೆ ಒದೆಯಬೇಕೆನಿಸಿತು. ನಲವತ್ತೆರಡು! ಬೈಕಿನ ಹಿಂದೆ, ಗಾಳಿಯೇ ಇಲ್ಲದ ಜಾಗದಲ್ಲಿ! ಹುಬ್ಬಳ್ಳಿಯ ಕುರ್ಚಿ ನನ್ನ ಕಣ್ಣ ಮುಂದೆ ಬಂತು, ಅದರ ಹಿಂದಿನ ಬೆವರು ಒರೆಸುವ ಟವೆಲ್ಲಿನ ಸಮೇತ.

ಸ್ಮೃತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕುಪ್ಪ ಮಧ್ಯಾಹ್ನದವರೆಗೆ ಕೇರಿ ಕೇರಿ ಸುತ್ತಿ ಉಳಿದದ್ದನ್ನು ಮಾರಬೇಕಿತ್ತು. ವಾಪಸು ಹೋಗುವವರು ನಾವಿಬ್ಬರೇ. ಅವಳು ಮೆಲ್ಲಗೆ, "ದಾದಾ, ಸಂಗ್ತಿಗೆ ಹೋಗ್ವಾ?" ಎಂದಳು.

ಅವಳ ದನಿಯಲ್ಲಿ ಕನಿಕರವಿತ್ತು. ನನ್ನ ಸೈಕಲ್ ಹತ್ತಿ, ನನ್ನ ಪೆಟ್ಟಿಗೆ ಹಿಡಿದು, ಈಗ ನನಗೆ ಕನಿಕರ ಬೇರೆ! ಬಾ, ನೋಡುವ ಎಂದು ಮನಸ್ಸಿನಲ್ಲೇ ಹಲ್ಲು ಕಡಿದೆ. ಪೆಡಲ್ ಒತ್ತಿದೆ.

ಆ ವಾರ ಸಮುದ್ರದಲ್ಲಿ ವಾಯುಭಾರ ಕುಸಿತ ಎಂದು ರೇಡಿಯೋ ಹೇಳುತ್ತಿತ್ತು. ಬೋಟುಗಳಿಗೆ ತಡೆಯಿರಲಿಲ್ಲ, ಆದರೆ ದಕ್ಷಿಣದಿಂದ ಗಾಳಿ ಬೀಸುತ್ತಿತ್ತು. ಹೋಗುವಾಗ ಬೆನ್ನಿಗಿದ್ದದ್ದು ಬರುವಾಗ ಮುಖಕ್ಕೆ ಬಡಿಯಿತು. ಅದೇ ಬೇಕಾಗಿತ್ತು ನನಗೆ. ದೀವಗಿ ಸೇತುವೆಯ ಮೇಲೆಯೇ ಅವಳನ್ನು ಉದುರಿಸಿಬಿಡಬೇಕು ಎಂದು ತುಳಿದೆ. ಸೇತುವೆ ಮುಗಿದಾಗ ಹಿಂದೆ ಅವಳ ಚಕ್ರದ ಸದ್ದು ಇತ್ತು. ಕುಮಟಾದ ಏರಿನಲ್ಲಿ ಎದ್ದು ನಿಂತು ತುಳಿದೆ. ಸದ್ದು ಇತ್ತು. ಊರೊಳಗೆ ಒಂದು ಬಸ್ಸನ್ನು ಎಡಕ್ಕೆ ಬಿಟ್ಟು ನುಗ್ಗಿದೆ, ಡ್ರೈವರ್ ಬೈದ, ಸದ್ದು ಇತ್ತು. ಧಾರೇಶ್ವರದಲ್ಲಿ ಬಾಯಿಗೆ ರಕ್ತದ ರುಚಿ ಬಂತು. ಇವಳ ಮೆಡಲ್ಲು, ಇವಳ ಫ್ಲೆಕ್ಸು, ಇವಳ ಇಪ್ಪತ್ತು ವರ್ಷ, ಎಲ್ಲವನ್ನೂ ಒಂದೊಂದಾಗಿ ಪೆಡಲ್ಲಿನ ಕೆಳಗೆ ಹಾಕಿ ತುಳಿದೆ. ಸಂತೋಷನ ಥ್ಯಾಂಕ್ಸನ್ನೂ ಹಾಕಿದೆ. ಹಳದೀಪುರ ಬಂದದ್ದು ಗೊತ್ತಾಗಲಿಲ್ಲ. ಕರ್ಕಿಯಲ್ಲಿ ನನ್ನ ಮನೆ ಬಂತು, ಗೇಟಿನಲ್ಲಿ ಸುಪ್ರಿಯಾ ನಿಂತಿದ್ದಳು, ನಿಲ್ಲಲಿಲ್ಲ. ಹಿಂದಿನ ಸದ್ದು ನಿಲ್ಲದೆ ನಾನು ಹೇಗೆ ನಿಲ್ಲಲಿ?

ಶರಾವತಿ ಸೇತುವೆಯ ನಡುವೆ ನನ್ನ ಕಾಲು ಮುಗಿಯಿತು. ಅಲ್ಲೇ ಅವಳು ಪಕ್ಕಕ್ಕೆ ಬಂದಳು, ಒಂದು ಕ್ಷಣ ನನ್ನ ಜತೆ ಇದ್ದಳು, ದಾಟಿ ಹೋದಳು. ನ್ಯಾಷನಲ್ಸ್‌ನಲ್ಲಿ ಸಂತೋಷ ಹೋದ ಹಾಗೆಯೇ. ನಾನು ಕಾಸರಕೋಡಿನ ಕಡೆಯ ತುದಿಗೆ ಬಂದು ಕಂಬಿಗೆ ಒರಗಿ ಕಕ್ಕಿದೆ. ಅವಳು ನೀರಿನ ಬಾಟಲಿ ಹಿಡಿದು ಕಾಯುತ್ತಿದ್ದಳು.

"ದಾದಾ, ಎಂತ ಆತು ನಿಮ್ಗೆ ಇವತ್ತು?" ಅವಳ ಕಣ್ಣು ಅರಳಿತ್ತು. ಸೈಕಲ್ಲಿಗೆ ಕಟ್ಟಿದ್ದ ಪುಟ್ಟ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದಳು. "ಇಲ್ಲಿ ಕಾಣಿ. ಸರಾಸರಿ ನಲವತ್ತೊಂದು! ಈ ಗಾಳೀಲಿ! ಕುಪ್ಪಣ್ಣನ ಪೆಟ್ಟಿಗೆ ಹಿಂದೆಯೂ ನಂಗೆ ಇಷ್ಟು ಚೊಲೋ ನೆರಳು ಸಿಕ್ಲಿಲ್ಲ. ಒಂಚೂರು ಗಾಳಿ ತಾಗ್ಲಿಲ್ಲ. ನಾಳೆಯೂ ಹೀಗೇ ಹೋಗ್ವಾ?"

ನಾನು ಆ ಅಂಕಿಯನ್ನೇ ನೋಡಿದೆ. ಅದು ಅವಳದ್ದಲ್ಲ, ನನ್ನದು. ಪೆಟ್ಟಿಗೆಯ ಹಿಂದೆ, ಬೆನ್ನಿಗೆ ಗಾಳಿ ಇಟ್ಟುಕೊಂಡು ನಲವತ್ತೆರಡು. ಮುಂದೆ ಯಾರೂ ಇಲ್ಲದೆ, ಎದುರು ಗಾಳಿಯಲ್ಲಿ ನಲವತ್ತೊಂದು. ವರ್ಷವಿಡೀ ಇಷ್ಟು ಚೆನ್ನಾಗಿ ನಾನು ತುಳಿದಿರಲಿಲ್ಲ. ಮುಂದೆ ಪೆಟ್ಟಿಗೆ ಇದ್ದರೆ ನಾನು ಒರಗುತ್ತೇನೆ. ಹಿಂದೆ ಮುಂದೆ ಯಾರೂ ಇಲ್ಲದೆ ಒಬ್ಬನೇ ಆದರೂ, ಟ್ರಯಲ್ಲಿನ ಹಾಗೆ, ಸೋಲುತ್ತೇನೆ. ಈ ವರ್ಷ ನೋಡಿದ್ದೇನಲ್ಲ. ನನ್ನ ಕಾಲಿಗೆ ಬೇಕಾದದ್ದು ಬೇರೆ. ಕಂಡರೆ ಹೊಟ್ಟೆ ಉರಿಯುವಂಥ ಯಾರಾದರೊಬ್ಬರು ಹಿಂದೆ ಇರಬೇಕು.

ಇದು ಹೆಮ್ಮೆ ಪಡುವ ಸಂಗತಿಯಲ್ಲ, ಗೊತ್ತು. ಚೊಲೋ ಮನುಷ್ಯನಿಗೆ ಬೇರೆ ಏನಾದರೂ ಹೊಳೆಯುತ್ತಿತ್ತು. ನನಗೆ ಹೊಳೆದದ್ದು ಇದು.

"ನಾಳೆ ಭಾನುವಾರ" ಎಂದೆ ಅವಳಿಗೆ. "ಸೋಮವಾರದಿಂದ ಹೋಗೂವಾಗ ನೀನು ಕುಪ್ಪನ ಹಿಂದೆ ಹೋಗು, ಆರೂ ದಿನ. ಅವನು ಹೊತ್ತು ಮಾಡೂದು ಬೇಡ. ಬರೂವಾಗ ನನ್ನ ಹಿಂದೆ ಬಾ. ನಾನು ಊರಲ್ಲಿರೂವರೆಗೆ."

"ನಿಮ್ಮ ಹಿಂದೆ ಯಾರೂ ಬರೂದು ಬೇಡ ಅಂದ್ರಿ?"

"ಅಂದೆ. ಈಗ ಬಾ ಅಂತ ಹೇಳ್ತೆ. ಜಾಸ್ತಿ ಮಾತಾಡ್ಬೇಡ."

ಮನೆಗೆ ಬಂದಾಗ ಸುಪ್ರಿಯಾ ಕಂಪ್ಯೂಟರನ್ನು ಕಪಾಟಿನಿಂದ ತೆಗೆದು ಮೇಜಿನ ಮೇಲೆ ಇಟ್ಟಿದ್ದಳು. ಗೇಟಿನಲ್ಲಿ ನಾನು ಹಾದುಹೋದ ವೇಗ ನೋಡಿಯೇ ಅವಳಿಗೆ ಏನೋ ಅನಿಸಿರಬೇಕು. ಸ್ನಾನ ಕೂಡ ಮಾಡದೆ ಕೋಚ್‌ಗೆ ಫೋನು ಹಚ್ಚಿದೆ. ಅವಳು ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದಳು.

"ಸಾರ್, ಐವತ್ತು ಅಂದದ್ದು ಸುಳ್ಳು. ಟ್ರಯಲ್‌ನಿಂದ ನನ್ನ ಹೆಸರು ಹೊಡೆದುಹಾಕಿ. ಸಂತೋಷನ ಮುಂದೆ ತುಳಿಯುವ ಕೆಲಸ ಇನ್ನೂ ಇದೆಯಾ?"

"ಅದ. ಆದ್ರ ದಿನಕರ, ನಿನ್ನ ಸ್ವಭಾವ ನನಗ ಗೊತ್ತೈತಿ. ಅವ ನಿನ್ನ ಬೆನ್ನ ಹಿಂದ ಕುಂತು ಬಂದು, ನಿನ್ನ ಕಣ್ಣ ಮುಂದ ಗೆದ್ದು ಹಾರ ಹಾಕಿಸ್ಕೋತಾನ. ಪ್ರತೀ ಸಲಾನೂ. ನಿನಗ ಹೊಟ್ಟಿ ಉರಿಯಂಗಿಲ್ಲೇನು?"

"ಉರೀತದೆ ಸಾರ್" ಎಂದೆ. "ಅದು ಆರಿದ ದಿನ ಹೇಳ್ತೆ, ಹುಬ್ಬಳ್ಳಿಗೆ ಕಳಿಸಿ."